ವನಜಳ ಅಡುಗೆಮನೆಗೆ ಬಂದ ಒಲೆ

ಆ ಭಾನುವಾರ ರತನನ ಮೀನಿನ ಗಾಡಿಯಲ್ಲಿ ಮೀನಿನ ಪೆಟ್ಟಿಗೆಗಳ ಬದಲು ಒಂದು ಒಲೆ ಬಂತು. ಬಾವಿಕಟ್ಟೆಯ ಬುಡದಲ್ಲಿ ಬಂಗುಡೆ ಕೊಯ್ಯುತ್ತ ಕೂತಿದ್ದ ವನಜ ತಲೆಯೆತ್ತಿ ನೋಡಿದಳು. ಮಗ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಸೊಸೆ ಧನ್ಯಶ್ರೀ ಹಿಂದಿನಿಂದ, "ಮೆಲ್ಲ, ಮೆಲ್ಲ, ಗಾಜ್ ಅದ್," ಎನ್ನುತ್ತ ಬರುತ್ತಿದ್ದಳು.

"ಅಮ್ಮ, ಕೈ ತೊಳ್ಕಂಡ್ ಬಾ. ಮೂರ್ ಬರ್ನರಿಂದ್. ಕಲ್ಲಿನೊಳ್ಗೇ ಕೂಕಂತ್," ಎಂದ ರತನ್.

"ಇದ್ದದ್ದಕ್ಕೆ ಎಂತ ಆಯ್ತ್?"

"ಎಂತ ಆಪ್ದ್? ಹಳ್ತಾಯ್ತ್."

"ಹಳ್ತಾದ್ದೆಲ್ಲ ಬದ್ಲ್ ಮಾಡುಕೆ ಹೊರ್ಟ್ರೆ ಮೊದ್ಲ್ ನನ್ನನ್ ಮಾಡ್ಕ್," ಎಂದು ವನಜ ಮತ್ತೆ ಬಂಗುಡೆಯ ಹೊಟ್ಟೆಗೆ ಕತ್ತಿ ಹಾಕಿದಳು. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ ಅವಳ ಗಂಡ ಬಚ್ಚ ನಕ್ಕ. ಅವಳು ನಗಲಿಲ್ಲ.

ನಾವುಂದದಲ್ಲಿ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಸಣ್ಣ ರಸ್ತೆಯ ಬದಿಗೆ ಅವರ ಮನೆ. ರತನ್ ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಕೊಂಡು ಬೈಂದೂರು ಕಡೆಯ ಹೋಟೆಲುಗಳಿಗೆ ಹಾಕುತ್ತಿದ್ದ. ಧನ್ಯಶ್ರೀ ಸಾಲಿಗ್ರಾಮದ ಹುಡುಗಿ. ಬೈಂದೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಅವಳ ಬಸ್ಸು, ಮಗಳು ಅನಿಷಾಳ ಶಾಲೆಯ ವ್ಯಾನು, ರತನನ ಗಾಡಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡಬೇಕು. ಎರಡು ಬರ್ನರಿನ ಒಲೆಯ ಮೇಲೆ ಒಂದರಲ್ಲಿ ಕುಚ್ಚಲಕ್ಕಿ ಬೇಯುತ್ತಿದ್ದರೆ ಇನ್ನೊಂದಕ್ಕೆ ಚಾ, ದೋಸೆ, ಪಲ್ಯ, ಮಗುವಿನ ಹಾಲು ಸರದಿ ನಿಲ್ಲಬೇಕು. "ಅತ್ತೆ, ಒಂಚೂರ್ ಬಿಡಿ," "ತಡಿ ಮಾರಾಯ್ತಿ, ಅನ್ನ ಉಕ್ಕ್ತ್," ಎಂಬ ಮಾತಿಲ್ಲದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಅಡುಗೆಮನೆಯ ಹಳೆಯ ಸಿಮೆಂಟಿನ ಕಟ್ಟೆ ಒಡೆದು ಕಪ್ಪು ಗ್ರಾನೈಟ್ ಹಾಸುವುದೆಂದು ತೀರ್ಮಾನವಾದಾಗ ಧನ್ಯಶ್ರೀ ಒಲೆಯನ್ನೂ ಹೊಸದು ತರೋಣವೆಂದಳು. ವನಜ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಜಗಳ ಹುಟ್ಟಿದ್ದು ಒಲೆಯ ಬಗ್ಗೆ ಅಲ್ಲ, ಒಲೆಯ ಜಾಗದ ಬಗ್ಗೆ.

ಕಲ್ಲು ಹಾಸುವ ಚಂದಯ್ಯ ಸೋಮವಾರ ಬಂದು, ಕಟ್ಟೆಯ ಮೇಲೆ ಪೆನ್ಸಿಲ್ ಹಿಡಿದು ನಿಂತು ಕೇಳಿದ, "ಎಲ್ ಕೊರಿಕ್, ಹೇಳಿ. ಒಂದ್ ಸಲ ಕೊರ್ದ್ರೆ ಮತ್ತೆ ಕಲ್ಲ್ ಕೂಡುದಿಲ್ಲೆ."

"ಕಿಟ್ಕಿ ಬುಡದಂಗೆ. ಎಲ್ ಇದ್ದಿತ್ತೋ ಅಲ್ಲೇ," ಎಂದಳು ವನಜ.

"ಅಲ್ ಬ್ಯಾಡ ಅತ್ತೆ," ಎಂದಳು ಧನ್ಯಶ್ರೀ. "ಕಡ್ಲ್ ಗಾಳಿ ಸೀದಾ ಬೆಂಕಿಗೇ ಬಡಿತ್ತ್. ಬೆಂಕಿ ನಂದ್ರೆ ಗ್ಯಾಸ್ ಸುಮ್ನೆ ಹೋತಾ ಇರತ್ತ್. ಒಳ್ಗಿನ ಗೋಡಿ ಬದಿಗೆ ಇಡುವ."

"ಇಷ್ಟ್ ವರ್ಷ ಕಿಟ್ಕಿ ಬುಡದಂಗೇ ಬೇಯ್ಸಿ ಹಾಕಿದೆ. ಯಾರೂ ಸಾಯ್ಲಿಲ್ಲೆ."

"ಸಾಯ್ಕ್ ಅಂದೆನಾ ನಾನ್? ಎಂತ ಮಾತ್ ಅತ್ತೆ ಇದ್!"

"ಒಳ್ಗಿನ ಗೋಡಿ ಹತ್ರ ಕತ್ಲಿ. ನಂಗೆ ಕಾಂತಿಲ್ಲೆ."

"ಲೈಟ್ ಹಾಕ್ಕಂಬ್ದ್," ಎಂದ ರತನ್, ಚಂದಯ್ಯನ ಕೂಲಿಯ ಹೊತ್ತು ಹೋಗುತ್ತಿದೆಯೆಂಬ ಅವಸರದಲ್ಲಿ. "ಚಂದಯ್ಯ, ಒಳ್ಗಿನ ಗೋಡಿ ಬದಿಗೇ ಕೊರಿನಿ."

ಯಂತ್ರ ಕಿರುಚತೊಡಗಿತು. ಬಿಳಿ ಧೂಳು ಎದ್ದಿತು. ವನಜ ಸೆರಗು ಮುಚ್ಚಿಕೊಂಡು ಅಂಗಳಕ್ಕೆ ಇಳಿದಳು.

ಕತ್ತಲೆಯ ಮಾತು ಸುಳ್ಳಾಗಿರಲಿಲ್ಲ. ಆದರೆ ಅದರ ಹಿಂದಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೊರೊನಾ ಕಾಲದಲ್ಲಿ ಮನೆಯವರೆಲ್ಲ ಒಟ್ಟಿಗೆ ಜ್ವರ ಬಂದು ಮಲಗಿದ್ದರು. ಎಲ್ಲರಿಗೂ ವಾಸನೆ ಹೋಗಿತ್ತು. ಎಲ್ಲರಿಗೂ ಕೆಲವು ವಾರಗಳಲ್ಲಿ ಮರಳಿತು. ವನಜಳಿಗೆ ಮರಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಮಲ್ಲಿಗೆಯನ್ನು ಮೂಗಿಗೆ ಒತ್ತಿ ನೋಡಿದಳು, ಸುಟ್ಟ ಒಣಮೀನಿನ ಹೊಗೆಗೆ ಮುಖ ಒಡ್ಡಿ ನೋಡಿದಳು. ಏನೂ ಇಲ್ಲ. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದ ಕಾಲದಲ್ಲಿ, ಐಸಿನಲ್ಲಿ ಹುಗಿದಿಟ್ಟ ಮೀನು ಎಷ್ಟು ದಿನದ್ದೆಂದು ಪೆಟ್ಟಿಗೆಯ ಮುಚ್ಚಳ ತೆಗೆಯುವಾಗಲೇ ಹೇಳುತ್ತಿದ್ದ ಹೆಂಗಸು ಅವಳು. ಹೇಳಿಕೊಳ್ಳಲು ಮೊದಮೊದಲು ನಾಚಿಕೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂಬ ಅಳುಕು. ಎಲ್ಲಕ್ಕಿಂತ ಹೆಚ್ಚಾಗಿ, ಮೂಗಿಲ್ಲದವಳ ಕೈಗೆ ಅಡುಗೆಮನೆ ಯಾರು ಬಿಡುತ್ತಾರೆ ಎಂಬ ಹೆದರಿಕೆ.

ಹಾಗಾಗಿ ಅವಳು ಕಣ್ಣಿನಿಂದ ಅಡುಗೆ ಮಾಡುವುದನ್ನು ಕಲಿತಿದ್ದಳು. ಕೊತ್ತಂಬರಿ ಹುರಿಯುವಾಗ ಬಣ್ಣ ಎಲ್ಲಿಗೆ ತಿರುಗಿದರೆ ಇಳಿಸಬೇಕು, ಎಣ್ಣೆಯ ಅಂಚಿನಲ್ಲಿ ನೊರೆ ಯಾವಾಗ ಸಣ್ಣದಾಗುತ್ತದೆ, ಇವೆಲ್ಲ ಕಿಟಕಿಯ ಬೆಳಕಿನಲ್ಲಿ ಅವಳಿಗೆ ಕಾಣುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಹುಡಿಯೂ ಒಂದೇ ಬಣ್ಣ.

ಇದನ್ನು ಹೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ.

*

ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದರೆ, ಒಲೆ ಜೋಡಿಸುವ ಹುಡುಗ ರಜೆಯಲ್ಲಿದ್ದಾನೆ, ವಾರ ಬಿಟ್ಟು ಕಳಿಸುತ್ತೇವೆ ಅಂದರು. ಹಳೆಯ ಒಲೆ ಬಿಚ್ಚಿಯಾಗಿತ್ತು. ಎರಡು ದಿನ ಹೋಟೆಲಿನ ಇಡ್ಲಿ ತಿಂದು ಬಚ್ಚನ ಹೊಟ್ಟೆ ಕೆಟ್ಟಿತು.

"ನಾನೇ ಹಾಕ್ತೆ," ಎಂದ ರತನ್.

"ಬ್ಯಾಡ. ಅವ್ರೇ ಬಂದ್ ಹಾಕ್ಲಿ," ಎಂದಳು ಧನ್ಯಶ್ರೀ. "ಅಲ್ಲಿವರೆಗೆ ಹಳಿ ಒಲೀನ ಮೇಜಿನ ಮೇಲ್ ಇಟ್ಕಂಬ."

"ಸಿಲಿಂಡರ್ ಬದ್ಲ್ ಮಾಡ್ದ್ ಯಾರ್ ಈ ಮನಿಯಂಗೆ? ನಾನಲ್ದಾ? ಪೈಪ್ ಸಿಕ್ಕ್ಸುಕೆ ಎಂತ ಇಂಜಿನಿಯರ್ ಬೇಕಾ?"

ಕಟ್ಟೆಯ ಕೆಳಗೆ ಈಗ ಹೊಸ ಬಾಗಿಲುಗಳ ಕಪಾಟು ಬಂದಿತ್ತು. ಸಿಲಿಂಡರನ್ನು ಒಂದು ಖಾನೆಯಲ್ಲಿಟ್ಟು, ಪಕ್ಕದ ಖಾನೆಗೆ ಹಲಗೆಯಲ್ಲಿ ತೂತು ಕೊರೆದು, ಹಳೆಯ ರಬ್ಬರ್ ಪೈಪನ್ನೇ ಆ ತೂತಿನಿಂದ ಎಳೆದು ರತನ್ ಒಲೆಯ ಹೊಟ್ಟೆಗೆ ಸಿಕ್ಕಿಸಿದ. ಪೈಪು ಗಿಡ್ಡವಾಯಿತು, ಎಳೆದು ಸರಿಮಾಡಿದ. ಕ್ಲಿಪ್ ಸಿಗಲಿಲ್ಲ, "ಬಿಗಿ ಇತ್ತ್, ಎಂತ ಆತಿಲ್ಲೆ," ಎಂದ. ಗುಂಡಿ ತಿರುಗಿಸಿದ ಕೂಡಲೇ ಕಡ್ಡಿಯಿಲ್ಲದೆ ನೀಲಿ ಬೆಂಕಿ ಎದ್ದದ್ದು ಕಂಡು ಅನಿಷಾ ಚಪ್ಪಾಳೆ ತಟ್ಟಿದಳು. ಅವಳಿಗೆ ಹತ್ತು ವರ್ಷ. ಮನೆಗೆ ಹೊಸದೇನು ಬಂದರೂ ಹಬ್ಬ.

ಹೊಸ ಒಲೆಯ ಮೇಲೆ ವನಜಳ ಮೊದಲ ವಾರ ಚೆನ್ನಾಗಿ ಹೋಗಲಿಲ್ಲ. ಮೀನಿನ ಸಾರಿಗೆ ಹುರಿದ ಮಸಾಲೆ ಒಮ್ಮೆ ಕರಿಕಾಯಿತು, ಮರುದಿನ ಹಸಿಯಾಗಿ ಉಳಿಯಿತು. ಬೆಂಕಿ ಎಷ್ಟಿದೆ ಎಂಬುದೇ ಕೈಗೆ ಹತ್ತುತ್ತಿರಲಿಲ್ಲ.

"ಅಮ್ಮಮ್ಮ, ಇವತ್ತ್ ಸಾರ್ ಕಹಿ," ಎಂದಳು ಅನಿಷಾ ಊಟಕ್ಕೆ ಕೂತಾಗ.

"ಒಲಿ ಹಾಂಗಿತ್ತ್ ಮಗಾ. ಅದ್ಕೆ ಹೇಳ್ಕ್."

ಧನ್ಯಶ್ರೀ ತಲೆ ಎತ್ತಲಿಲ್ಲ. "ಒಲಿ ಕಹಿ ಮಾಡತ್ತಾ ಅತ್ತೆ?" ಎಂದಳು ಮೆಲ್ಲಗೆ.

"ನಂಗೆ ಗೊತ್ತಿಲ್ಲೆ. ತಂದವ್ರ್ ಹೇಳ್ಕ್."

"ಉಣ್ಣಿ, ಉಣ್ಣಿ. ಉಂಬುಕೆ ಕೂಕಂಡಲ್ ಎಂತ ಗಲಾಟಿ?" ಎಂದ ಬಚ್ಚ, ಆ ಕಹಿ ಸಾರನ್ನೇ ಇನ್ನೊಂದು ಸೌಟು ಹಾಕಿಸಿಕೊಂಡು. ಅವನು ದೊಡ್ಡ ಬೋಟಿನ ಕೆಲಸ ಬಿಟ್ಟ ಮೇಲೆ ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಬಲೆಯ ರಾಶಿ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಿದ್ದ. ಅಲ್ಲಿಂದಲೇ ಆಗಾಗ, "ಹ್ವಾಯ್, ಹಾಲ್ ಕಾಣ್," "ಹ್ವಾಯ್, ತಳ ಹಿಡಿತ್ತಾ ಕಾಣ್," ಎನ್ನುತ್ತಿದ್ದ. ಕೆಲಸವಿಲ್ಲದ ಗಂಡಸಿಗೆ ಬಾಯಿ ಜಾಸ್ತಿ ಎಂದು ವನಜ ಗೊಣಗುತ್ತಿದ್ದಳು.

*

ಶನಿವಾರ ಬಚ್ಚ ಕಣ್ಣು ತೋರಿಸಲೆಂದು ಮಗನ ಗಾಡಿಯಲ್ಲಿ ಕುಂದಾಪುರಕ್ಕೆ ಹೋದ. ಧನ್ಯಶ್ರೀ ಲ್ಯಾಬಿಗೆ ಹೋಗಿದ್ದಳು. ಬೆಳಗಿನ ಕೆಲಸ ಮುಗಿಸಿದ ವನಜ ದೇವರ ಗೂಡಿಗೆ ದೀಪ ಹಚ್ಚಿ, ಅಡುಗೆಮನೆಯ ನೆಲದಲ್ಲಿ ಕಪಾಟಿನ ಪಕ್ಕ ಕೂತು ಕಾಯಿ ತುರಿಯತೊಡಗಿದಳು. ಗಾಳಿಗೆ ಧೂಳು ಬರುತ್ತದೆಂದು ಕಿಟಕಿ ಹಾಕಿತ್ತು. ತುರಿಯುತ್ತ ತುರಿಯುತ್ತ ತಲೆ ಭಾರವಾದಂತೆ ಅನಿಸಿತು. ಬೆಳಿಗ್ಗೆ ಸರಿಯಾಗಿ ತಿಂದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು. ಚಾ ಕುಡಿದರೆ ಸರಿಯಾದೀತೆಂದು ಎದ್ದು, ಪಾತ್ರೆಗೆ ನೀರು ಹಾಕಿ, ಒಲೆಯ ಮೇಲಿಟ್ಟು, ಗುಂಡಿಗೆ ಕೈ ಹಾಕಿದಳು.

ಅಷ್ಟರಲ್ಲಿ ಶಾಲೆ ಅರ್ಧ ದಿನಕ್ಕೆ ಬಿಟ್ಟು ಬಂದ ಅನಿಷಾ ಚೀಲ ಇಳಿಸುತ್ತ ಬಾಗಿಲಲ್ಲಿ ನಿಂತಳು. "ಅಯ್ಯಬ್ಬ! ಅಮ್ಮಮ್ಮ, ಎಂತ ಗ್ಯಾಸ್ ವಾಸ್ನಿ ಇದ್!"

ವನಜಳ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

ಮೊಮ್ಮಗಳು ಫ್ಯಾನಿನ ಸ್ವಿಚ್ಚಿನ ಕಡೆ ಕೈ ಚಾಚಿದ್ದು ಕಂಡಿತು.

"ಮುಟ್‌ಬ್ಯಾಡ! ಸ್ವಿಚ್ ಮುಟ್‌ಬ್ಯಾಡ! ಹೊರ್ಗ್ ಓಡ್!"

"ಎಂತಕ್ಕೆ..."

"ಓಡ್ ಅಂದೆ! ಬಾವಿ ಹತ್ರ ಹೋಗಿ ನಿಲ್!"

ಮಗು ಓಡಿತು. ವನಜ ದೇವರ ಗೂಡಿಗೆ ಹೋಗಿ ದೀಪದ ಬತ್ತಿಯನ್ನು ಒದ್ದೆ ಬೆರಳಲ್ಲಿ ಹಿಸುಕಿದಳು. ತಿರುಗಿ ಬಂದು ಕಪಾಟಿನ ಬಾಗಿಲು ತೆರೆದು, ತಡಕಾಡಿ, ಸಿಲಿಂಡರಿನ ತಲೆಯ ಗುಂಡಿಯನ್ನು ಮುಚ್ಚಿದಳು. ಕಿಟಕಿ, ಹಿಂಬಾಗಿಲು, ಜಗಲಿಯ ಬಾಗಿಲು, ಒಂದೊಂದನ್ನೂ ಹಾರುಹೊಡೆದು ತಾನೂ ಅಂಗಳಕ್ಕೆ ಬಂದು ಬಾವಿಕಟ್ಟೆಗೆ ಒರಗಿ ಕೂತಳು.

"ಅಮ್ಮಮ್ಮ, ನಿಂಗೆ ವಾಸ್ನಿ ಬರ್ಲಿಲ್ಯಾ?" ಎಂದು ಕೇಳಿದಳು ಅನಿಷಾ.

"ಬಂತ್ ಮಗಾ. ಈಗಷ್ಟೇ ಬಂತ್. ಅದ್ನೇ ಕಾಂತಿದ್ದೆ," ಎಂದಳು ವನಜ. ಮಗುವಿನ ಮುಖ ನೋಡಿ ಹೇಳಲಾಗಲಿಲ್ಲ. ಬಾವಿಯೊಳಗೆ ನೋಡುತ್ತ ಹೇಳಿದಳು.

*

ಸಂಜೆ ರತನ್ ಕಪಾಟಿನೊಳಗೆ ತಲೆ ಹಾಕಿ ನೋಡಿದ. ಹಲಗೆಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಹಳೆಯ ಪೈಪು ಸೀಳಿತ್ತು. ಇನ್ನೊಂದು ತುದಿ ಒಲೆಯ ಕೆಳಗೆ ಅರ್ಧ ಜಾರಿತ್ತು. ತಪ್ಪು ಯಾರದ್ದೆಂದು ಅವನಿಗೆ ತಿಳಿಯದೇ ಇರಲಿಲ್ಲ. ತಿಳಿದಷ್ಟೂ ಅವನ ಗಂಟಲು ದೊಡ್ಡದಾಯಿತು.

"ಈ ಒಲಿಯೇ ಬ್ಯಾಡ. ನಾಳಿಯೇ ಕಿತ್ತ್ ಹಾಕ್ತೆ. ಇದ್ದದ್ರಂಗೆ ಸುಖ ಇದ್ದಿತ್ತ್. ನಿನ್ ಒಂದ್ ಹಠಕ್ಕೆ ಇವತ್ತ್ ಎರಡ್ ಜೀವ ಹೋತಿತ್ತ್!"

"ನನ್ ಹಠವಾ? ಏಜೆನ್ಸಿಯವ್ರ್ ಬಪ್ಪವರಿಗೆ ನಿಲ್ಲಿ ಅಂತ ಹೇಳಿದ್ ಯಾರ್?"

"ಒಲಿ ತರ್ಸಿದ್ ಯಾರ್?"

"ತೂತ್ ಕೊರ್ದ್ ಯಾರ್?"

ಬಚ್ಚ ಕಣ್ಣಿಗೆ ಹಾಕಿಸಿಕೊಂಡು ಬಂದ ಔಷಧಿಯಿಂದ ಮಂಜು ಮಂಜಾಗಿ ನೋಡುತ್ತ ಗೋಡೆಗೆ ಒರಗಿ ಕೂತಿದ್ದ. ಧನ್ಯಶ್ರೀ ಗಂಡನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಒಂದ್ ಕೇಂತೆ, ಬೇಜಾರ್ ಮಾಡ್ಕಂಬ್ಯಾಡಿ. ಮಗು ಬಾಗ್ಲಲ್ ನಿಂತಲ್ಲೇ ವಾಸ್ನಿ ಹೊಡೀತಂಬ್ರ್. ನೀವ್ ಒಳ್ಗೇ ಕೂಕಂಡ್ ಕಾಯಿ ತುರ್ದ್ರಿ. ನಿಮ್ಗೆ ಗೊತ್ತಾಯ್ಲಿಲ್ಯಾ?"

"ಶೀತ ಆಯಿತ್ತ್ ನಂಗೆ," ಎಂದಳು ವನಜ. "ಮೂಗ್ ಕಟ್ಟಿತ್ತ್."

ಸೊಸೆ ಮಗಳನ್ನು ಕರೆದುಕೊಂಡು ಕೋಣೆಗೆ ಹೋದಳು.

ಮರುದಿನ ರತನ್ ಹೊಸ ಒಲೆಯನ್ನು ಎತ್ತಿ ಪೆಟ್ಟಿಗೆಗೆ ತುಂಬಿದ. ಹಳೆಯ ಒಲೆಯನ್ನು ತೊಳೆದು, ಸೀಳಿದ ಪೈಪು ಬಿಸಾಡಿ ಬೇರೆ ಪೈಪು ತಂದು ಹಾಕಿ, ಕಿಟಕಿಯ ಬುಡದಲ್ಲೇ ಇಟ್ಟ. ವನಜಳಿಗೆ ಬೇಕಾದದ್ದು ಕೇಳದೆಯೇ ಸಿಕ್ಕಿತು. ಕಿಟಕಿಯ ಬೆಳಕು, ಕೈ ಹತ್ತಿದ ಗುಂಡಿ, ಕೆಂಪಗೆ ಹದವಾಗಿ ಬಂದ ಮಸಾಲೆ. ಒಳಗಿನ ಗೋಡೆಯ ಬದಿ ಕಪ್ಪು ಕಲ್ಲಿನಲ್ಲಿ ಚೌಕದ ತೂತೊಂದು ಮಾತ್ರ ಬಾಯಿ ತೆರೆದುಕೊಂಡು ಉಳಿಯಿತು. ಅದರ ಮೇಲೆ ಧನ್ಯಶ್ರೀ ಒಂದು ಮೊರ ಮುಚ್ಚಿದಳು.

ಧನ್ಯಶ್ರೀ ಜಗಳಾಡಲಿಲ್ಲ. ಅದೇ ಕಷ್ಟವಾಯಿತು. ಬೆಳಿಗ್ಗೆ ಬೇಗ ಎದ್ದು, ಅತ್ತೆ ಏಳುವ ಮುಂಚೆ ಮಗಳ ಡಬ್ಬಿ ಕಟ್ಟಿ, ತನಗೆ ಏನೂ ಕಟ್ಟಿಕೊಳ್ಳದೆ ಹೊರಟುಬಿಡುತ್ತಿದ್ದಳು. "ಧನ್ಯಾ, ದೋಸಿ ಇತ್ತ್, ತಿಂದ್ ಹೋಗ್," ಎಂದರೆ, "ಹಸಿವಿಲ್ಲೆ ಅತ್ತೆ." ಮೂರು ಹೊತ್ತೂ ರತನನ ಬಾಯಲ್ಲಿ ಅದೇ ಮಾತು: ಒಲೆ, ಹಠ, ಕಲ್ಲು ಹಾಳಾದದ್ದು. ಅವಳು ತಟ್ಟೆ ನೋಡುತ್ತ ಉಂಡೇಳುತ್ತಿದ್ದಳು. ಅನಿಷಾ ನೀರು ಬೇಕಾದರೂ ಅಡುಗೆಮನೆಯ ಹೊರಗೇ ನಿಂತು ಕೇಳುತ್ತಿದ್ದಳು. "ಒಳ್ಗೆ ಬಾ ಮಗಾ," ಎಂದರೆ, "ವಾಸ್ನಿ ಇಲ್ಲೆ ಅಲ್ದಾ?" ಎಂದು ಮೊದಲು ಮೂಗು ಮುಂದೆ ಮಾಡುತ್ತಿದ್ದಳು.

"ಇಲ್ಲೆ," ಎನ್ನುತ್ತಿದ್ದಳು ವನಜ. ಇದೆಯೋ ಇಲ್ಲವೋ ಅವಳಿಗೆ ಹೇಗೆ ಗೊತ್ತು?

ಒಂದು ಮಧ್ಯಾಹ್ನ ಬಚ್ಚ ಹಿಂಬಾಗಿಲ ಹೊಸ್ತಿಲಲ್ಲಿ ಕೂತು ಗಂಜಿ ಉಣ್ಣುತ್ತಿದ್ದ. ವನಜ ಉಪ್ಪಿನಕಾಯಿ ಬಡಿಸಿ ಅಲ್ಲೇ ಕೂತಳು.

"ಹ್ವಾಯ್, ನಾ ಒಂದ್ ಮಾತ್ ಹೇಳ್ಕ್."

"ಮೂಗಿನ ವಿಷ್ಯವಾ?" ಎಂದ ಬಚ್ಚ.

ವನಜ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ನಿಮ್ಗೆ ಯಾರ್ ಹೇಳಿದ್?"

"ಯಾರ್ ಹೇಳ್ಕ್? ಆ ವರ್ಷ ಕರೆಂಟ್ ಹೋಗಿ ಫ್ರಿಜ್ಜಿನ ಮೀನೆಲ್ಲ ಕೊಳ್ತ್ ನಾರ್ತಿತ್ತ್. ನೀನ್ ಮುಚ್ಚ್ಲ್ ತೆಗ್ದ್, ಅದ್ರೊಳ್ಗೇ ಬಗ್ಗಿ ಕಂಡ್, 'ಚಲೋ ಇತ್ತ್' ಅಂದೆ. ಅವತ್ತೇ ಗೊತ್ತಾಯ್ತ್."

"ಮತ್ತೆ ಕೇಂಬುಕೆ ಆಯ್ಲಿಲ್ಯಾ?"

"ನೀನೇ ಮುಚ್ಚಿಟ್ಕಂಡದ್ದ್. ನಾ ಎಂತಕ್ಕೆ ತೆಗಿಕ್?" ಅವನು ಗಂಜಿಯ ನೀರು ಕುಡಿದು ಬಾಯಿ ಒರೆಸಿಕೊಂಡ. "ನಾ ಇಲ್ ಕೂಕಂಡ್ರೆ ಸಾಕ್ ಅಂತ ಅಂದ್ಕಂಡೆ. ಬಲಿ ನೇಯುಕೆ ಅಂಗಳದಂಗೆ ಜಾಗ ಇಲ್ದೇ ಇಲ್ ಕೂಕಂತ್ನಾ ನಾನ್?"

ಹಾಲು ಕಾಣ್, ತಳ ಕಾಣ್ ಎಂಬ ಅವನ ಕೂಗುಗಳೆಲ್ಲ ಒಟ್ಟಿಗೆ ವನಜಳ ಕಿವಿಯಲ್ಲಿ ಕೇಳಿದವು. ಇಷ್ಟು ಕಾಲ ಬೈದುಕೊಂಡದ್ದೂ ಕೇಳಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆರೆ ಮೊನ್ನಿ ಒಂದೇ ದಿನ ನಾ ಇರ್ಲಿಲ್ಲೆ," ಎಂದ ಬಚ್ಚ. "ಹೀಂಗೆ ಎಷ್ಟ್ ದಿನ ಕಾವ್ದ್? ಆ ಹೆಣ್ಣಿಗೆ ಹೇಳ್. ಸುಮ್ನೆ ಅದ್ರ್ ತಲಿ ಮೇಲ್ ಬತ್ತಾ ಇತ್ತ್."

*

ಮರುದಿನ ಧನ್ಯಶ್ರೀಗೆ ರಜೆ. ಬೆಳಗಿನ ಗಡಿಬಿಡಿ ಮುಗಿದ ಮೇಲೆ ಇಬ್ಬರೂ ಬಾವಿಕಟ್ಟೆಯಲ್ಲಿ ಎದುರುಬದುರು ಕೂತು ಬೂತಾಯಿ ಮೀನು ಕೊಯ್ಯುತ್ತಿದ್ದರು. ಬೆಕ್ಕೊಂದು ಸುತ್ತು ಹಾಕುತ್ತಿತ್ತು. ವನಜ ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದಳು:

"ಧನ್ಯಾ, ಅವತ್ತ್ ನಂಗೆ ಶೀತ ಇರ್ಲಿಲ್ಲೆ."

ಸೊಸೆ ಇನ್ನೊಂದು ಮೀನು ಎತ್ತಿಕೊಂಡಳು.

"ನಂಗೆ ವಾಸ್ನಿಯೇ ಬತ್ತಿಲ್ಲೆ. ಕೊರೊನಾ ಬಂದಲ್ಲಿಂದ. ಗ್ಯಾಸಿಂದೂ ಇಲ್ಲೆ, ಮೀನಿಂದೂ ಇಲ್ಲೆ, ಹೂವಿಂದೂ ಇಲ್ಲೆ. ಅನಿಷಾ ಬಾರ್ದಿದ್ರೆ ನಾ ಒಲಿ ಹಚ್ಚ್ತಿದ್ದೆ."

ಧನ್ಯಶ್ರೀಯ ಕೈ ನಿಂತಿತು. "ಅಲ್ಲಿಂದ ಇಲ್ಲಿವರಿಗೆ?" ಎಂದಳು. ಅವಳ ಮುಖ ಕೆಂಪಾಯಿತು. "ಇಷ್ಟ್ ವರ್ಷ ಒಬ್ರೇ ಗ್ಯಾಸಿನ ಎದ್ರ್ ನಿಂತ್ರಿ! ಮಗು ಮನಿಯಂಗೆ ಇರತ್ತ್. ಒಂದ್ ಮಾತ್ ಹೇಳುಕೆ ಆಯ್ಲಿಲ್ಯಾ ಅತ್ತೆ? ನಾ ಲ್ಯಾಬಂಗೆ ಕೆಲ್ಸ ಮಾಡ್ತೆ, ದಿನಾ ನಾಲ್ಕ್ ಡಾಕ್ಟರ್ರ ಮುಖ ಕಾಂತೆ. ನಂಗೆ ಹೇಳುಕೆ ಎಂತ?"

"ಹೇಳಿದ್ರೆ ನೀವ್ ನನ್ನ ಜಗಲಿ ಮೇಲ್ ಕೂರ್ಸ್ತ್ರಿ. ಟಿವಿ ಎದ್ರ್."

"ನಾ ಹಾಂಗ್ ಮಾಡ್ತಿದ್ನಾ?"

"ಗೊತ್ತಿಲ್ಲೆ," ಎಂದಳು ವನಜ. "ನಿನ್ ಜಾಗದಂಗೆ ನಾ ಇದ್ದಿದ್ರೆ, ನಾ ಮಾಡ್ತಿದ್ದೆ."

ಧನ್ಯಶ್ರೀ ಎರಡು ಮೂರು ಮೀನು ಕೊಯ್ದಳು, ತಲೆಗಳನ್ನು ಬೆಕ್ಕಿಗೆ ಎಸೆದಳು. ವನಜ ತೀರ್ಪಿಗೆ ಕಾಯುವವಳಂತೆ ಕೂತಿದ್ದಳು.

"ಕಿಟ್ಕಿ ಬೇಕ್ ಅಂದ್ರ್ಯಲ್ದಾ ನೀವ್?" ಎಂದಳು ಸೊಸೆ ಕೊನೆಗೆ. "ಎಂತಕ್ಕೆ?"

"ಬೆಳ್ಕಿಗೆ. ಮಸಾಲಿ ಬಣ್ಣ ಕಾಂತ್ ಅಂತ."

"ಅದನ್ ಅವತ್ತೇ ಹೇಳ್ಕ್ ಇದ್ದಿತ್ತ್." ಅವಳು ಎದ್ದು ಕೈ ತೊಳೆದುಕೊಂಡಳು. ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದಳು. ವನಜ ಹಿಂದೆಯೇ ಹೋದಳು. ಧನ್ಯಶ್ರೀ ಕಿಟಕಿಯ ಎದುರು ನಿಂತಳು, ಪಕ್ಕಕ್ಕೆ ಸರಿದಳು, ಕಟ್ಟೆ ಮೂಲೆಯಲ್ಲಿ ತಿರುಗುವ ಗಿಡ್ಡ ಭಾಗದ ಹತ್ತಿರ ನಿಂತು ಕಾಗದದ ಚೂರೊಂದನ್ನು ಎತ್ತಿ ಹಿಡಿದಳು. ಕಾಗದ ಅಲುಗಲಿಲ್ಲ. ಬೆಳಕು ಮಾತ್ರ ಓರೆಯಾಗಿ ಅವಳ ಕೈಯ ಮೇಲೆ ಬಿದ್ದಿತ್ತು.

"ಹೊಸ ಒಲಿ ಇಲ್ ಆತ್ತಾ ಕಾಣಿ ಅತ್ತೆ. ಗಾಳಿ ಹೊಡಿತಿಲ್ಲೆ, ಬೆಳ್ಕ್ ಬತ್ತ್. ಫ್ರಿಜ್ಜಿಂದೂ ದೂರ ಆಯ್ತ್."

ವನಜ ಅಲ್ಲಿ ನಿಂತು ನೋಡಿದಳು. ಒಂದು ಮುಷ್ಟಿ ಕೊತ್ತಂಬರಿಯನ್ನು ತಟ್ಟೆಗೆ ಸುರಿದು ಕಲ್ಲಿನ ಮೇಲಿಟ್ಟು ಬಗ್ಗಿ ನೋಡಿದಳು. "ಆತ್ತ್," ಎಂದಳು.

ರತನನಿಗೆ ಹೇಳಿದ್ದು ಸಂಜೆ. ಅವನಿಗೆ ಬೈಯಲು ಯಾರೂ ಸಿಗಲಿಲ್ಲ. "ನಾ ಹಾಕಿದ್ ಪೈಪ್ ಅದ್," ಎಂದಷ್ಟೇ ಹೇಳಿ ಎದ್ದುಹೋಗಿ, ಗಾಡಿಯನ್ನು ತೊಳೆದದ್ದನ್ನೇ ತೊಳೆಯುತ್ತ ನಿಂತ. ಆಮೇಲೆ ಒಳಗೆ ಬಂದು ಹೆಂಡತಿಗೆ, "ಏಜೆನ್ಸಿ ನಂಬ್ರ್ ಕೊಡ್," ಎಂದ.

*

ಏಜೆನ್ಸಿಯ ರೋಷನ್ ಬರುವ ಮುಂಚೆ ಚಂದಯ್ಯ ಮತ್ತೆ ಬರಬೇಕಾಯಿತು. "ನಾ ಮೊದ್ಲೇ ಹೇಳಿದೆ, ಕಲ್ಲ್ ಕೂಡುದಿಲ್ಲೆ ಅಂದೇಳಿ," ಎಂದು ಗೊಣಗಿದ. ಹಾಗೆ ಹೇಳಿದರೂ, ಮೂಲೆಯಲ್ಲಿ ಹೊಸದಾಗಿ ಕೊರೆದು ತೆಗೆದ ತುಂಡನ್ನೇ ಹಳೆಯ ತೂತಿಗೆ ಅಂಟು ಹಾಕಿ ಕೂರಿಸಿದ. ಬೆರಳಾಡಿಸಿದರೆ ಗೆರೆ ಸಿಗುತ್ತಿತ್ತು, ನೋಡಿದರೆ ಅಷ್ಟಾಗಿ ಕಾಣುತ್ತಿರಲಿಲ್ಲ.

ರೋಷನ್ ಕಪಾಟು ನೋಡಿ ಮೊದಲು ಮಾಡಿಸಿದ ಕೆಲಸ ಬಾಗಿಲು ಕಳಚಿಸಿದ್ದು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಸಿಲಿಂಡರ್ ಇರುವ ಖಾನೆ ತೆರೆದಿರಬೇಕು, ಹೊರಗೋಡೆಗೆ ನೆಲಮಟ್ಟದಲ್ಲಿ ಗಾಳಿ ಹೋಗಲು ಒಂದು ಜಾಲಿ ಬೇಕು ಅಂದ. ಜಾಲಿಗೆ ರತನನೇ ಗೋಡೆ ಒಡೆದ. ಸಿಲಿಂಡರು ಒಲೆಯ ಪಕ್ಕದ ತೆರೆದ ಖಾನೆಯಲ್ಲಿ ನೆಟ್ಟಗೆ ನಿಂತಿತು. ಕಿತ್ತಳೆ ಬಣ್ಣದ ಹೊಸ ಪೈಪು ಯಾವ ತೂತಿನಲ್ಲೂ ನುಸುಳದೆ, ಎಳೆತವಿಲ್ಲದೆ, ಕಣ್ಣಿಗೆ ಕಾಣುವ ಹಾಗೆ ಬಂತು. ಎರಡು ತುದಿಗೂ ಕ್ಲಿಪ್ ಬಿತ್ತು. ಅನಿಷಾ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು.

"ಸೋಪಿನ ನೀರ್ ಬೇಕಿತ್ತ್," ಎಂದ ರೋಷನ್.

ಅನಿಷಾ ಬಚ್ಚಲಿಗೆ ಓಡಿ ಲೋಟದಲ್ಲಿ ಸಾಬೂನು ಕದಡಿ ತಂದಳು. ತರುವ ಭರದಲ್ಲಿ ಹೊಸ್ತಿಲು ದಾಟಿ ಒಳಗೇ ಬಂದಿದ್ದಳು. ರೋಷನ್ ಗ್ಯಾಸು ಬಿಟ್ಟು ಸಂದುಗಳಿಗೆಲ್ಲ ನೀರು ಹಚ್ಚಿದ. ಎಲ್ಲರೂ ಬಗ್ಗಿದರು.

"ಗುಳ್ಳಿ ಬಂದ್ರೆ ಸೋರತ್ತ್ ಅಂತ ಅರ್ಥ. ಕಡ್ಡಿ ಗೀರಿ ಯಾವತ್ತೂ ನೋಡ್ಬ್ಯಾಡಿ."

"ಗುಳ್ಳಿ ಇಲ್ಲೆ," ಎಂದಳು ಅನಿಷಾ.

"ಇಲ್ಲೆ," ಎಂದಳು ವನಜ. ಇದನ್ನು ಅವಳು ತನ್ನ ಕಣ್ಣಿನಿಂದಲೇ ನೋಡಿದ್ದಳು.

"ಮನೇಲಿ ಅಡ್ಗಿ ಯಾರ್ ಮಾಡುದ್? ಅವ್ರಿಗೆ ತೋರ್ಸ್ಕ್," ಎಂದ ರೋಷನ್.

ರತನ್ ಹೆಂಡತಿಯ ಮುಖ ನೋಡಿದ. ಧನ್ಯಶ್ರೀ ಅತ್ತೆಯ ಭುಜದ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದಳು. "ಇವ್ರ್."

ಧನ್ಯಶ್ರೀ ಹೇಳಿ ತರಿಸಿದ್ದ ಇನ್ನೊಂದು ಸಣ್ಣ ಪೆಟ್ಟಿಗೆಯಿತ್ತು, ಗ್ಯಾಸು ಸೋರಿದರೆ ಕೂಗಿಕೊಳ್ಳುವಂಥದ್ದು. ರೋಷನ್ ಅದನ್ನು ಸಿಲಿಂಡರಿನ ಹತ್ತಿರ, ಮೊಣಕಾಲಿನ ಕೆಳಗೆ ಗೋಡೆಗೆ ಕೂರಿಸಿ, ಪರೀಕ್ಷೆಯ ಗುಂಡಿ ಒತ್ತಿದ. ಅದರ ಕೂಗಿಗೆ ಬೆಕ್ಕು ಅಂಗಳ ದಾಟಿ ಓಡಿತು. ಬಚ್ಚ ಕಿವಿ ಮುಚ್ಚಿಕೊಂಡು, "ಇದ್ ನನ್ ಕೆಲ್ಸಕ್ಕೇ ಕಲ್ಲ್ ಹಾಕ್ತ್," ಎಂದ.

"ಹಾಕ್ತಿಲ್ಲೆ," ಎಂದಳು ವನಜ. "ಅದ್ಕೆ ಹಾಲ್ ಉಕ್ಕಿದ್ ಗೊತ್ತಾತಿಲ್ಲೆ."

ಕುಂದಾಪುರದ ಮೂಗಿನ ಡಾಕ್ಟರು ವನಜಳನ್ನು ನೋಡಿದರು. ಲವಂಗ, ನಿಂಬೆ ಎಂದು ದಿನವೂ ಮೂಸುವ ಅಭ್ಯಾಸ ಹೇಳಿಕೊಟ್ಟರು. ಇಷ್ಟು ತಡವಾದ ಮೇಲೆ ಮರಳುತ್ತದೆಂದು ಮಾತು ಕೊಡಲಾರೆ ಅಂದರು. ಬರುವಾಗ ಬಸ್ಸಿನಲ್ಲಿ ಧನ್ಯಶ್ರೀ ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ರಾತ್ರಿಯ ಊಟಕ್ಕೆ ವನಜ ಎಂದಿನಂತೆ ಎಲ್ಲರಿಗೂ ಬಡಿಸಿದಳು.

ಸೋಮವಾರ ಬೆಳಿಗ್ಗೆ ಒಂದು ಬರ್ನರಿನಲ್ಲಿ ಅನ್ನ, ಇನ್ನೊಂದರಲ್ಲಿ ನೀರುದೋಸೆಯ ಕಾವಲಿ, ಮೂರನೆಯದರಲ್ಲಿ ಬಂಗುಡೆಯ ಸಾರಿಗೆ ಮಸಾಲೆ. ಬೆಳಕು ಓರೆಯಾಗಿ ಬಾಣಲೆಗೆ ಬೀಳುತ್ತಿತ್ತು. ಕೊತ್ತಂಬರಿ ಬಣ್ಣ ತಿರುಗಿತು. ತೆಗೆಯಬೇಕೋ ಇನ್ನೂ ಒಂದು ಗಳಿಗೆ ಬಿಡಬೇಕೋ ಎಂದು ವನಜ ಅನುಮಾನಿಸಿದಳು. ಕೋಣೆಯಲ್ಲಿ ಸೊಸೆ ಜಡೆ ಹಾಕಿಕೊಳ್ಳುತ್ತಿದ್ದಳು.

"ಧನ್ಯಾ, ಇಲ್ ಬಾ," ಎಂದು ವನಜ ಗಟ್ಟಿಯಾಗಿ ಕೂಗಿದಳು. "ಮೂಸಿ ಕಾಣ್. ಸಾಕಾ?"

ಧನ್ಯಶ್ರೀ ಅರ್ಧ ಜಡೆಯನ್ನು ಕೈಯಲ್ಲಿ ಹಿಡಿದೇ ಬಂದು ಬಾಣಲೆಯ ಮೇಲೆ ಬಗ್ಗಿದಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. "ಇಲ್ಲೆ ಅತ್ತೆ. ಇನ್ನೊಂಚೂರ್."

ಇಬ್ಬರೂ ಕಾದರು. ಹೆದ್ದಾರಿಯ ಕಡೆ ಬಸ್ಸಿನ ಹಾರನ್ ಕೇಳಿತು.

"ನಿನ್ ಬಸ್ ಹೋತ್."

"ಹೋಯ್ಲಿ. ಇನ್ನೊಂದ್ ಬತ್ತ್," ಎಂದಳು ಧನ್ಯಶ್ರೀ, ಇನ್ನೂ ಬಗ್ಗಿಕೊಂಡೇ. "ಹಾಂ, ಈಗ ಇಳಿಸಿ."

ವನಜ ಬಾಣಲೆ ಇಳಿಸಿದಳು.